ತಾತನವರು ಕಲ್ಲು ಮುಟ್ಟಿ ನೋಡಿದ್ದು

ಪೂಜ್ಯ ಸೂಗಯ್ಯ ತಾತನವರು ಯರಗನಹಾಳಿನಲ್ಲಿ ಇದ್ದದ್ದು ಒಂದು ಹಳೆಯ ಗಾಣದ ಮನೆಯಲ್ಲಿ. ಗಾಣ ನಿಂತು ಎಷ್ಟೋ ವರ್ಷ ಆಗಿತ್ತು. ಗೋಡೆಗೆ ಇನ್ನೂ ಎಣ್ಣೆಯ ವಾಸನೆ ಇತ್ತು. ಮಾಳಿಗೆಯಲ್ಲಿ ಎರಡು ಕಡೆ ಬಿಸಿಲು ಇಳಿಯುತ್ತಿತ್ತು. ತಾತನವರು ಗಾಣದ ಕಲ್ಲಿಗೆ ಬೆನ್ನು ಕೊಟ್ಟು, ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ಅವರ ಗದ್ದುಗೆ ಅಂದರೆ ಅದೇ.

ಮಠ ಕಟ್ಟಿಸಿಕೊಡುತ್ತೇವೆ ಎಂದು ಊರ ಹಿರಿಯರು ಎರಡು ಸಲ ಹೋಗಿ ಬಿನ್ನಹ ಮಾಡಿದರು. ತಾತನವರು ನಕ್ಕರು. "ಎತ್ತು ತಿರುಗಿದ ಜಾಗ ಇದು. ನನಗ ಸಾಕು" ಎಂದರು.

ಅವರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಹುರಿದ ಓಂಕಾಳು, ಸೈಂಧವ ಉಪ್ಪು, ಒಣಶುಂಠಿ ಕುಟ್ಟಿದ ಪುಡಿ ಅದರೊಳಗೆ. ಹೊಟ್ಟೆ ಉಬ್ಬಿದೆ, ಉಂಡದ್ದು ಅರಗಿಲ್ಲ, ಹುಳಿತೇಗು ಬರುತ್ತಿದೆ ಎಂದು ಬಂದವರಿಗೆ ಒಂದು ಚಿಟಿಕೆ ಕೊಟ್ಟು, ಮೇಲೆ ಬಿಸಿನೀರು ಕುಡಿಯಲು ಹೇಳುತ್ತಿದ್ದರು. ಜನ ಅದನ್ನು ಪ್ರಸಾದವೆಂದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಮ್ಮ ಕಡೆ ಔಷಧ ಬಲ್ಲವರು ಹೆಸರು ಹೇಳುವುದಿಲ್ಲ. ಹೇಳಿದರೆ ಗುಣ ಹೋಗುತ್ತದೆ ಎನ್ನುತ್ತಾರೆ. ತಾತನವರು ಎಲ್ಲರ ಮುಂದೆ ಹೇಳುತ್ತಿದ್ದರು. "ಓಂಕಾಳು, ಉಪ್ಪು, ಶುಂಠಿ. ನಿಮ್ಮ ಮನ್ಯಾಗೂ ಅದಾವ. ಮಾಡಿ ಇಟಗೊಳ್ರಿ."

ಒಮ್ಮೆ ಒಬ್ಬ ಬಂದು ಕೇಳಿದ. "ತಾತ, ನೀವು ಹೇಳಿದಂಗ ಮನ್ಯಾಗ ಮಾಡೀವಿ. ಗುಣ ಹತ್ತವಲ್ದು. ನಿಮ್ಮ ಕೈಲೇ ಕೊಡ್ರಿ."

"ಬಿಸಿನೀರು ಕುಡದ್ಯಾ?"

"ಚಾ ಕುಡದೀನ್ರಿ."

"ಹಂಗಾರ ಚಾಕ್ಕ ಹೋಗಿ ಕೇಳು" ಎಂದರು ತಾತನವರು. ಕೂತವರೆಲ್ಲ ನಕ್ಕರು. ಅವನೂ ನಕ್ಕ.

ನಾನು ಆ ನಗುವಿನಲ್ಲಿ ಇರಲಿಲ್ಲ. ಆಗ ನಾನು ಗಾಣದ ಮನೆಗೆ ಹೋಗುವುದನ್ನು ಬಿಟ್ಟಿದ್ದೆ.

ನಾನು ಕಲ್ಲಿಗೆ ಮುಳ್ಳು ಹೊಡೆಯುವವನು. ಬೀಸುಕಲ್ಲು, ಒರಳು, ಖಾರ ಅರೆಯುವ ಕಲ್ಲು, ಇವು ದಿನಾ ತಿಕ್ಕಿ ತಿಕ್ಕಿ ನುಣ್ಣಗಾಗುತ್ತವೆ. ಆಗ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಉಳಿ ಇಟ್ಟು ಚುಕ್ಕೆ ಚುಕ್ಕೆಯಾಗಿ ಹೊಡೆದು ಕಲ್ಲನ್ನು ಮತ್ತೆ ಒರಟು ಮಾಡಬೇಕು. ನಮ್ಮಪ್ಪ ಅದನ್ನೇ ಮಾಡಿದ. ನಾನೂ ಅದನ್ನೇ ಕಲಿತೆ. ಸಾಲಿ ಎರಡು ವರ್ಷ ಹೋದೆ. ಹೆಸರು ಹುಲುಗಪ್ಪ.

ನನ್ನ ಹೆಂಡತಿ ಲಚುಮವ್ವ ತಾತನವರ ಭಕ್ತಳು. ಸೋಮವಾರ ತಪ್ಪದೆ ಗಾಣದ ಮನೆಯ ಅಂಗಳ ಸಾರಿಸಿ ಬರುತ್ತಿದ್ದಳು. ನಮಗೆ ಬಹಳ ತಡವಾಗಿ ಒಂದು ಹೆಣ್ಣುಕೂಸು ಆಯಿತು. ಕೂಸಿಗೆ ಜಳಕ ಆದ ಮೇಲೆ ಲಚುಮವ್ವ ದಿನಾ ಔಷಧ ತೇಯುತ್ತಿದ್ದಳು. ಕೂಸಿನ ಹೊಟ್ಟೆ ಉಬ್ಬಬಾರದು, ನುಲಿಯಬಾರದು ಎಂದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಕೊಡುತ್ತಾರೆ. ಅಂಗೈಯಷ್ಟು ಅಗಲದ ಸಣ್ಣ ಕಲ್ಲು. ಅದರ ಮೇಲೆ ನಾಲ್ಕು ಹನಿ ಹಾಲು. ಬಜೆ ಎರಡು ಸುತ್ತು, ಅಳಲೆಕಾಯಿ ಮೂರು ಸುತ್ತು, ಜಾಜಿಕಾಯಿ ಐದು ಸುತ್ತು. ಬಾಯಿಬಿಟ್ಟು ಎಣಿಸುತ್ತ ತೇಯುತ್ತಿದ್ದಳು. ತೇದದ್ದನ್ನು ಒಳಲೆಗೆ ಬಳಿದು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಕುಡಿಸುತ್ತಿದ್ದಳು. ಹಾಲಿಗೆ ಸ್ವಲ್ಪ ಬಣ್ಣ ಬರುತ್ತಿತ್ತು, ಅಷ್ಟೇ.

ಆ ಕಲ್ಲು ಅವಳ ಅಜ್ಜಿಯದು. ನುಣ್ಣಗೆ ಕನ್ನಡಿ ಆಗಿತ್ತು. ನನಗೆ ಚೇಷ್ಟೆ ಮಾಡುತ್ತಿದ್ದಳು. "ಊರ ಕಲ್ಲಿಗೆಲ್ಲ ಹಲ್ಲು ಕೊಡ್ತಿ. ನನ್ನ ಕಲ್ಲು ಬೊಚ್ಚುಬಾಯಿ ಮುದುಕಿ ಆಗೈತಿ. ಅದನ್ನ ನೋಡವಲ್ಲಿ."

"ಸಣ್ಣ ಕಲ್ಲಿಗೆ ಮುಳ್ಳು ಹೊಡಿಯಂಗಿಲ್ಲಬೇ."

"ಯಾಕ?"

"ನಮ್ಮಪ್ಪ ಹೊಡೀತಿರಲಿಲ್ಲ."

"ನಿಮ್ಮಪ್ಪ ಹೇಣ್ತಿ ಮಾತು ಕೇಳ್ತಿರಲಿಲ್ಲ, ಅದಕ್ಕ" ಎಂದು ನಗುತ್ತಿದ್ದಳು.

ಕೂಸಿಗೆ ನಾಲ್ಕು ತಿಂಗಳಾದಾಗ ಲಚುಮವ್ವನಿಗೆ ಜ್ವರ ಬಂತು. ತಾತನವರಲ್ಲಿಗೆ ಒಯ್ದೆ. ತಾತನವರು ಹಣೆ ಮುಟ್ಟಿ, "ದವಾಖಾನಿಗೆ ಒಯ್ಯಿ, ಈಗಲೇ" ಎಂದು ಅಪ್ಪಣೆ ಕೊಟ್ಟರು. ಆಗಲೇ ಒಯ್ದೆ. ಪೇಟೆಯ ದವಾಖಾನೆ ಆರು ಮೈಲಿ. ನಾಲ್ಕನೆಯ ದಿನ ಅವಳ ಹೆಣ ತಂದೆ.

ಹೇಳಿದ ಹಾಗೆ ಮಾಡಿದೆ, ಆದರೂ ಹೋದಳು. ಇನ್ನೇನು ದೊಡ್ಡವರು, ಇನ್ನೇನು ಮಾತು ಎಂದು ಮನಸ್ಸು ಕಲ್ಲಾಯಿತು. ಗಾಣದ ಮನೆಯ ಮುಂದೆ ಹಾಯುವಾಗ ಮುಖ ಆ ಕಡೆ ಹೊರಳಿಸುತ್ತಿರಲಿಲ್ಲ. ತಾತನವರು ನೋಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಅವಳ ದಿನಕರ್ಮ ಮಾಡಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳ ಸಣ್ಣ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎಲ್ಲಕ್ಕಿಂತ ಸಣ್ಣ ಉಳಿ ತೆಗೆದೆ. ಬೇವಿನ ನೆರಳಿನಲ್ಲಿ ಕೂತು ಹೊತ್ತು ಇಳಿಯುವ ತನಕ ಹೊಡೆದೆ. ಎಳ್ಳಿನಂಥ ಚುಕ್ಕೆ. ಸಾಲು ತಪ್ಪಲಿಲ್ಲ. ಅಂಥ ಕೆಲಸ ನಾನು ಯಾರ ಮನೆಗೂ ಮಾಡಿರಲಿಲ್ಲ. ಅವಳ ಮಾತು ಒಂದಾದರೂ ನಡೆಸಿದೆ ಅಂದುಕೊಂಡೆ.

ನನ್ನ ಅಕ್ಕ ದ್ಯಾವಮ್ಮ ಕೂಸನ್ನು ನೋಡಿಕೊಳ್ಳಲು ನಮ್ಮಲ್ಲಿಗೆ ಬಂದಳು. ಆಡಿನ ಹಾಲು ಕುಡಿಸುತ್ತಿದ್ದೆವು. ಆ ಹಾಲು ಕೂಸಿಗೆ ಒಗ್ಗಲಿಲ್ಲ. ಹೊಟ್ಟೆ ಗಟ್ಟಿಯಾಗುವುದು, ಕಾಲು ಮಡಚಿ ಚೀರುವುದು. ಅಕ್ಕ ಹೇಳಿದಳು: "ಲಚುಮಿ ಎಷ್ಟು ತೇಯ್ತಿದ್ದಳೋ ನನಗ ತಿಳೀದು. ನೀ ಕಂಡಾಂವ. ನೀನಾ ತೇಯಿ."

ನಾನು ಕಂಡವನೇ. ಬಜೆ ಎರಡು, ಅಳಲೆ ಮೂರು, ಜಾಜಿಕಾಯಿ ಐದು. ಬಾಯಿಬಿಟ್ಟು ಎಣಿಸಿದೆ. ಅವಳ ಕೈಯಲ್ಲಿ ಬರೀ ಬಣ್ಣ ಬರುತ್ತಿತ್ತು. ನನ್ನ ಕೈಯಲ್ಲಿ ಗಂಧದ ಹಾಗೆ ದಪ್ಪಗೆ ಬಂತು. ಕಲ್ಲು ಚೆನ್ನಾಗಿದೆ ಎಂದು ಸಂತೋಷಪಟ್ಟೆ. ಅದನ್ನು ಇಂದು ಬರೆಯುವಾಗಲೂ ಕೈ ತಡೆಯುತ್ತದೆ.

ಮೊದಲ ದಿನ ಕೂಸು ಸುಖವಾಗಿ ಮಲಗಿತು. ಎರಡನೆಯ ದಿನ ಹೊತ್ತೇರುವ ತನಕ ಮಲಗಿತು. "ಔಷಧ ಹತ್ತೈತಿ" ಎಂದಳು ಅಕ್ಕ.

ಮೂರನೆಯ ದಿನ ಏಳಲಿಲ್ಲ.

ಬೆಳಗಿನ ಜಳಕ ಆಗಿ ಮಲಗಿದ್ದು ಮಧ್ಯಾಹ್ನವಾದರೂ ಹಾಗೇ ಇತ್ತು. ಹೆಸರು ಹಿಡಿದು ಕರೆದೆ. ಕೆನ್ನೆ ತಟ್ಟಿದೆ. ತಲೆ ಒಂದು ಕಡೆ ಬಿತ್ತು, ನೆಟ್ಟಗೆ ಮಾಡಿದರೆ ಮತ್ತೆ ಬಿತ್ತು. ಹಾಲು ಬಾಯಿಗೆ ಹಿಡಿದರೆ ಕಟವಾಯಿಯಿಂದ ಹೊರಗೆ ಹರಿಯಿತು. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದೆ. ಉಳಿ ಹಿಡಿದು ಹಿಡಿದು ನನ್ನ ಬೆರಳಿನ ಚರ್ಮ ಸತ್ತಿದೆ. ಏನೂ ತಿಳಿಯಲಿಲ್ಲ. ಅಕ್ಕನ ಕೈ ಎಳೆದು ಅಲ್ಲಿ ಇಟ್ಟೆ.

"ಐತಿ" ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿದಳು. "ಲಚುಮಿ ಬಂದಾಳ."

"ಏನಂತಿಬೇ?"

"ನಿನ್ನೆ ತೊಟ್ಟಿಲು ತಾನಾ ತೂಗಿತು. ನಾ ಕಣ್ಣಾರೆ ಕಂಡೀನಿ. ಹಾಲು ಕುಡಿಯೋ ಕೂಸನ್ನ ಬಿಟ್ಟು ಹೋದಾಕಿ. ಒಬ್ಬಾಕೀ ಇರತಾಳೇನು? ಕರಕೊಂಡು ಹೋಗಾಕ ಬಂದಾಳ."

ಬಾಗಿಲ ಕಡೆ ನೋಡಿದೆ. ಬಟ್ಟಬಯಲು ಬಿಸಿಲು. ಯಾರೂ ಇರಲಿಲ್ಲ. ಆದರೂ ಬಾಗಿಲಿಗೆ ಬೆನ್ನು ಮಾಡಲು ಧೈರ್ಯ ಆಗಲಿಲ್ಲ. ಯಾರ ಮುಖ ಮತ್ತೊಮ್ಮೆ ಕಂಡರೆ ಸಾಕು ಎಂದು ತಿಂಗಳಿನಿಂದ ಅಳುತ್ತಿದ್ದೆನೋ, ಅವಳು ಎಲ್ಲಿ ಕಂಡುಬಿಡುತ್ತಾಳೋ ಎಂದು ಅಂಜಿದೆ.

ಹಳ್ಳದ ಆಚೆ ಊರಿನಲ್ಲಿ ಗಾಳಿ ಬಿಡಿಸುವವನು ಒಬ್ಬ ಇದ್ದ. ಸತ್ತವರು ಕೈಯಿಂದ ಬಳಸಿದ್ದು ಏನಾದರೂ ತರಬೇಕು ಎಂದು ಅವನು ಕೇಳುತ್ತಿದ್ದ. ಅಕ್ಕ ಲಚುಮವ್ವನ ಹಳೆಯ ಕುಪ್ಪಸದಲ್ಲಿ ಆ ಸಣ್ಣ ಕಲ್ಲು, ಬಜೆ, ಅಳಲೆ, ಜಾಜಿಕಾಯಿ ಎಲ್ಲ ಗಂಟು ಕಟ್ಟಿದಳು. ನಾನು ಕೂಸನ್ನು ಎತ್ತಿಕೊಂಡೆ. ಇಬ್ಬರೂ ಹೊರಟೆವು.

ದಾರಿ ಗಾಣದ ಮನೆಯ ಮುಂದೆಯೇ. ಆವತ್ತೂ ಮುಖ ತಗ್ಗಿಸಿ ನಡೆದೆ.

"ಹುಲುಗಪ್ಪ."

ತಾತನವರು ಬಾಗಿಲಲ್ಲಿ ನಿಂತಿದ್ದರು. ಅವರು ಎದ್ದು ಬಾಗಿಲ ತನಕ ಬಂದು ಯಾರನ್ನೂ ಕರೆದದ್ದನ್ನು ನಾನು ಕಂಡಿರಲಿಲ್ಲ.

"ಕೂಸಿನ ತಲಿಗೆ ಬಿಸಿಲು ಬಡಿಯಾಕತ್ತೈತಿ. ಒಳಗ ಬಾ."

ನಿಲ್ಲಬಾರದು ಅಂದುಕೊಂಡೆ. ಕಾಲು ನಿಂತಿತು. ಬಾಯಿಂದ ಒಂದೇ ಮಾತು ಬಂತು. "ಕೂಸು ಏಳವಲ್ದು ತಾತ."

ತಾತನವರು ಕೈ ಚಾಚಿದರು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಅಂಗಾಲಿಗೆ ಬೆರಳಿನಿಂದ ಚಟ್ಟನೆ ಹೊಡೆದರು. ಕಾಲು ಮೆಲ್ಲಗೆ, ಬಹಳ ಮೆಲ್ಲಗೆ ಮಡಚಿತು. ರೆಪ್ಪೆ ಎತ್ತಿ ಕಣ್ಣು ನೋಡಿದರು. ಕೂಸಿನ ಬಾಯಿಗೆ ಮೂಗು ಹಿಡಿದು ವಾಸನೆ ನೋಡಿದರು. ಅಕ್ಕ ತೊಟ್ಟಿಲು ತೂಗಿದ್ದು, ಲಚುಮವ್ವ ಬಂದದ್ದು ಎಲ್ಲ ಹೇಳುತ್ತಲೇ ಇದ್ದಳು. ತಾತನವರು ಅದಕ್ಕೆ ಹೂಂ ಅನ್ನಲಿಲ್ಲ.

"ಏನು ಕೊಟ್ಟಿ?" ಎಂದು ನನ್ನನ್ನು ಕೇಳಿದರು.

"ದಿನಾ ಕೊಡೋದಾ ತಾತ. ಹೊಟ್ಟಿ ಔಷಧ."

ಅಕ್ಕ ಗಂಟು ಬಿಚ್ಚಿ ಮುಂದೆ ಇಟ್ಟಳು. ಬಜೆ, ಅಳಲೆ, ಜಾಜಿಕಾಯಿ ಅಲ್ಲೇ ಇದ್ದವು. ತಾತನವರು ಅವುಗಳನ್ನು ಮುಟ್ಟಲಿಲ್ಲ. ಕಲ್ಲನ್ನು ಎತ್ತಿಕೊಂಡರು. ಹೆಬ್ಬೆರಳು ಇಟ್ಟು ಒಂದು ಸಲ ಸವರಿದರು. ಮತ್ತೊಂದು ಸಲ ಸವರಿದರು. ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದರು.

"ಇದಕ್ಕ ಮುಳ್ಳು ಯಾರು ಹೊಡದ್ರು?"

"ನಾನಾ ತಾತ."

"ಯಾವಾಗ?"

"ಆಕಿ ಹೋದ ಮ್ಯಾಲೆ."

"ಎಷ್ಟು ಸುತ್ತು ತೇದಿ?"

"ಆಕಿ ತೇಯ್ತಿದ್ದಷ್ಟಾ. ಒಂದೂ ಹೆಚ್ಚಿಲ್ಲ. ಆಣಿ ಮಾಡ್ತೀನಿ."

ತಾತನವರು ಜಾಜಿಕಾಯಿ ಹಿಡಿದು ಕಲ್ಲಿನ ಮೇಲೆ ಒಂದೇ ಸುತ್ತು ಎಳೆದರು. ಕಲ್ಲನ್ನು ನನ್ನ ಕಡೆ ತಿರುಗಿಸಿದರು. ಅವಳ ಐದು ಸುತ್ತಿಗೆ ಬರದಷ್ಟು ಆ ಒಂದು ಸುತ್ತಿಗೆ ಬಂದು ಕೂತಿತ್ತು.

"ಕಲ್ಲು ಹೊಸದಾತು" ಎಂದರು. "ಲೆಕ್ಕ ಹಳೇದಾ ಉಳೀತು."

ಬೇರೆ ಯಾರಿಗೆ ಆ ಮಾತು ಹೇಳಿದ್ದರೂ ತಿಳಿಯಲು ಹೊತ್ತು ಹಿಡಿಯುತ್ತಿತ್ತು. ನಾನು ಮುಳ್ಳು ಹೊಡೆಯುವವನು. ಮುಳ್ಳು ಹೊಡೆದ ಬೀಸುಕಲ್ಲಿನಲ್ಲಿ ಹಿಟ್ಟು ಎಷ್ಟು ಪಟ್ಟು ಬೀಳುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ನಮ್ಮಪ್ಪ ಸಣ್ಣ ಕಲ್ಲಿಗೆ ಯಾಕೆ ಉಳಿ ಇಡಲಿಲ್ಲ ಎಂಬುದು ಆಗ ತಿಳಿಯಿತು.

"ಸತ್ತಾಕಿನ್ನ ಕರೀಬ್ಯಾಡ ದ್ಯಾವಮ್ಮ" ಎಂದರು ತಾತನವರು. "ಆಕಿ ಈ ಕೂಸಿಗೆ ಏನೂ ಮಾಡಿಲ್ಲ."

ಅಕ್ಕ ಬಾಯಿಗೆ ಸೆರಗು ಹಿಡಿದಳು. ನಾನು ತಲೆ ತಗ್ಗಿಸಿದೆ. ಲಚುಮವ್ವನ ಮೇಲೆ ನಾನೂ ಒಂದು ಗಳಿಗೆ ಸಂಶಯಪಟ್ಟಿದ್ದೆ.

ತಾತನವರು ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ದವಾಖಾನಿಗೆ ನಡೀರಿ."

ಅದೇ ಮಾತು. ಅದೇ ದವಾಖಾನೆ. ನಾನು ಬಾಗಿಲಿಗೆ ಅಡ್ಡ ನಿಂತೆ. ತಾತನವರಿಗೆ ಅಡ್ಡ ನಿಂತ ಪಾಪಿ ನಾನು. "ಅಲ್ಲಿಗೆ ಬ್ಯಾಡ ತಾತ. ಅಲ್ಲಿಗೆ ಒಯ್ದದ್ದು ತಿರುಗಿ ಬರಲಿಲ್ಲ. ನಿಮ್ಮ ಡಬ್ಬ್ಯಾಗಿಂದು ಒಂದು ಚಿಟಿಕಿ ಕೊಡ್ರಿ. ನೀವು ಕೊಟ್ರ ಉಳೀತೈತಿ."

"ನನ್ನ ಡಬ್ಬಿ ತೇಗಿಗೆ ಐತಿ ಹುಲುಗಪ್ಪ. ಇದಕ್ಕಲ್ಲ." ದನಿ ಏರಲಿಲ್ಲ. "ಬಾಯಾಗ ಒಂದು ಹನಿ ಏನೂ ಹಾಕಬ್ಯಾಡ್ರಿ. ಸರಿ."

ನಾನು ಸರಿದೆ.

ರಸ್ತೆಯಲ್ಲಿ ಪೇಟೆಗೆ ಹೊರಟ ಟ್ರ್ಯಾಕ್ಟರ್ ಬರುತ್ತಿತ್ತು. ತಾತನವರು ನಡುರಸ್ತೆಯಲ್ಲಿ ನಿಂತರು. ಓಡಿಸುವವನು ಅವರನ್ನು ಕಂಡು ಗಾಬರಿಯಾಗಿ ನಿಲ್ಲಿಸಿ, ಇಳಿದು ಕಾಲು ಹಿಡಿಯಲು ಬಂದ. "ಕಾಲು ಆಮ್ಯಾಲೆ ಹಿಡಿ. ಗಾಡಿ ಬಿಡು" ಎಂದರು. ಅಕ್ಕ ಹಿಂದಿನ ಟ್ರೇಲರ್ ಹತ್ತಿದಳು. ನಾನೂ ಹತ್ತಲು ಕಾಲು ಇಟ್ಟೆ.

"ಹುಲುಗಪ್ಪ" ಎಂದರು ತಾತನವರು. "ಈ ಒಂದಾ ಕಲ್ಲಿಗೆ ಹೊಡದ್ಯಾ?"

ಇಟ್ಟ ಕಾಲು ಅಲ್ಲೇ ಉಳಿಯಿತು.

ನಾನು ಮರೆತಿದ್ದೆ. ದೇವರಾಣೆ, ಆ ತನಕ ನನಗೆ ನೆನಪಾಗಿರಲಿಲ್ಲ. ನಾನು ಬೇವಿನ ನೆರಳಿನಲ್ಲಿ ಲಚುಮವ್ವನ ಕಲ್ಲು ಹೊಡೆಯುವಾಗ ನೀರಿಗೆ ಹೋಗುವ ಹೆಂಗಸರು ನಿಂತು ನೋಡಿದ್ದರು. "ಎಷ್ಟು ಚೆಂದ ಮಾಡ್ಯಾನ ನೋಡು. ನಮ್ಮದಕ್ಕೂ ಎರಡು ಪೆಟ್ಟು ಹಾಕಪ್ಪ" ಎಂದಿದ್ದರು. ಆಮೇಲೆ ಒಂದೊಂದಾಗಿ ಮೂರು ಮನೆಯ ಸಣ್ಣ ಕಲ್ಲುಗಳಿಗೆ ಮುಳ್ಳು ಹೊಡೆದು ಕೊಟ್ಟಿದ್ದೆ. ಮೂರೂ ಬಾಣಂತಿಯರ ಮನೆ.

"ಮೂರು" ಎಂದೆ. ಬೆರಳು ತೋರಿಸಿದೆ.

"ಯಾರ್ಯಾರವು ನೀನಾ ಬಲ್ಲಿ. ಓಡು."

"ತಾತ, ನನ್ನ ಕೂಸು..."

"ನನ್ನ ಕೈಯಾಗ ಐತಿ."

ಕೂಸಿನ ಒಂದು ಕೈ ತಾತನವರ ಹೆಗಲ ಹಿಂದೆ ಜೋತುಬಿದ್ದಿತ್ತು. ಆ ಕೈಯನ್ನು ಒಮ್ಮೆ ಮುಟ್ಟಿದೆ. ಇದೇ ಕೊನೆಯ ಸಲ ಮುಟ್ಟುವುದು ಎಂದು ಮನಸ್ಸು ಹೇಳಿತು. ತಿರುಗಿ ಓಡಿದೆ.

ಮೊದಲನೆಯದು ಕುಂಬಾರ ಬಸಲಿಂಗಮ್ಮನ ಮನೆ. ಕೂಸು, ಸೊಸೆ ಇಬ್ಬರೂ ತವರಿಗೆ ಹೋಗಿದ್ದರು. ಕಲ್ಲು ಗೂಡಿನಲ್ಲಿ ಒಣಗಿ ಕೂತಿತ್ತು. ಯಾಕೆ ಎಂದು ಹೇಳಿ, ಕಲ್ಲು ಕಸಿದುಕೊಂಡು ಓಡಿದೆ.

ಎರಡನೆಯದು ಮಡಿವಾಳರ ತಿಪ್ಪವ್ವನ ಮನೆ. ಅವಳ ಮೊಮ್ಮಗ ಆರು ತಿಂಗಳ ಗಂಡುಕೂಸು. ಅಂಗಳಕ್ಕೆ ಕಾಲಿಡುವ ಮೊದಲೇ ಮುದುಕಿ ಶುರುಮಾಡಿದಳು. "ಬಂದ್ಯಾ? ನಿನ್ನ ಕೈ ಸೇದಿಹೋಗ್ಲಿ. ನೀ ಕಲ್ಲು ಮುಟ್ಟಿದಾಗಿಂದ ನಮ್ಮ ಹುಡುಗ ಕುಡುಕರಂಗ ಮಲಗ್ತಾನ. ನಿನ್ನೆ ಎರಡು ಸಲ ಕಾರಿಕೊಂಡ. ಏನು ಮಾಡಿ ಕೊಟ್ಟಿ?"

ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಇವತ್ತು ಅವರು ಔಷಧ ಕೊಟ್ಟಿರಲಿಲ್ಲ. ಕೂಸು ತಾಯಿಯ ಮೊಲೆಯಲ್ಲಿ ಹಾಲು ಕುಡಿಯುತ್ತಿತ್ತು, ಕಣ್ಣು ಬಿಟ್ಟು ನನ್ನನ್ನು ನೋಡಿತು. ತಿಪ್ಪವ್ವ ಒಳಗೆ ಹೋಗಿ ಕಲ್ಲು ತಂದು ಅಂಗಳಕ್ಕೆ ಎಸೆದಳು. ಅದು ಎರಡು ಹೋಳಾಯಿತು. "ಇನ್ನೊಂದು ಮನಿ ಯಾವುದು? ನಿಂತೀ ಯಾಕ? ಓಡೋ!" ಎಂದು ಒದರಿದಳು.

ಮೂರನೆಯದು ಹಳ್ಳದ ಆಚೆ. ಈರಣ್ಣ ಎಂಬವನ ಹೊಲದ ಮನೆ. ಅವನ ಹೆಂಡತಿ ರುದ್ರವ್ವ ಚೊಚ್ಚಲು ಬಾಣಂತಿ. ಕಲ್ಲು ಕೊಟ್ಟದ್ದು ಹಿಂದಿನ ದಿನ. ಆ ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಹಳ್ಳದ ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಎರಡು ಸಲ ಬಿದ್ದೆ. ಪ್ರತಿ ಹೆಜ್ಜೆಗೂ ಆ ಕಡೆ ನನ್ನ ಕೂಸು, ಈ ಕಡೆ ಅವರ ಕೂಸು. ಒಂದು ಗಳಿಗೆ ನಿಂತೆ. ತಿರುಗಿ ಪೇಟೆಯ ಹಾದಿ ಹಿಡಿಯಬೇಕು ಎನ್ನಿಸಿತು. ನನ್ನದು ಸಾಯುತ್ತಿದ್ದರೆ ನಾನು ಅಲ್ಲಿ ಇರಬೇಡವೇ ಎನ್ನಿಸಿತು. ಲಚುಮವ್ವ ಸಾಯುವಾಗ ನಾನು ಹೊರಗೆ ನೀರು ತರಲು ಹೋಗಿದ್ದೆ. "ಓಡು" ಎಂದ ದನಿ ಕಿವಿಯಲ್ಲಿ ಇತ್ತು. ಓಡಿದೆ.

ಹೊಲದ ಮನೆಯ ಪಡಸಾಲೆಯಲ್ಲಿ ರುದ್ರವ್ವ ಕಾಲು ಚಾಚಿ ಕೂತಿದ್ದಳು. ಆಗಷ್ಟೇ ಜಳಕ ಮಾಡಿಸಿದ ಕೂಸು ಕಾಲಮೇಲೆ. ಪಕ್ಕದಲ್ಲಿ ಕಲ್ಲು. ಕಲ್ಲಿನ ಮೇಲೆ ದಪ್ಪಗೆ ತೇದ ಔಷಧ. ಕೈಯಲ್ಲಿ ಒಳಲೆ. ಒಳಲೆಯ ಮೂತಿ ಕೂಸಿನ ತುಟಿಗೆ ಮುಟ್ಟಿತ್ತು.

ಬೇಡ ಎನ್ನಲು ಉಸಿರಿರಲಿಲ್ಲ. ಮೇಲೆ ಬಿದ್ದು ಒಳಲೆಯನ್ನು ಹೊಡೆದು ಹಾರಿಸಿದೆ. ರುದ್ರವ್ವ ಚೀರಿ ಕೂಸನ್ನು ಎದೆಗೆ ಅವಚಿಕೊಂಡಳು. ಈರಣ್ಣ ಕೊಟ್ಟಿಗೆಯಿಂದ ಓಡಿಬಂದು ನನ್ನ ಕುತ್ತಿಗೆ ಹಿಡಿದ. ಗೋಡೆಗೆ ಒತ್ತಿದ. ಕಪಾಳಕ್ಕೆ ಬಿಟ್ಟ.

"ಬಾಣಂತಿ ಮೈಮ್ಯಾ ಬೀಳ್ತೀಯೇನಲೇ? ಹುಚ್ಚ ಹಿಡದೈತೇನು?"

"ಅದು ಕುಡಸಬ್ಯಾಡ್ರಿ" ಎಂದೆ. "ಅದನ್ನ ಕುಡಿದು ನನ್ನ ಕೂಸು ಏಳವಲ್ದು. ಕಲ್ಲಿಗೆ ಮುಳ್ಳು ಹೊಡದಾಂವ ನಾನು. ತಪ್ಪು ನಂದು."

ಅವನ ಕೈ ಸಡಿಲವಾಯಿತು. ರುದ್ರವ್ವ ಸೆರಗಿನಿಂದ ಕೂಸಿನ ತುಟಿ ಒರೆಸಿದಳು. ಮತ್ತೆ ಒರೆಸಿದಳು. ಒರೆಸುತ್ತಲೇ ಇದ್ದಳು.

"ಮೊದಲ್ನೇ ಹನಿ" ಎಂದಳು. "ಇನ್ನೂ ಒಳಗ ಹೋಗಿರಲಿಲ್ಲ."

ಆಮೇಲೆ ಈರಣ್ಣ ಕೇಳಿದ. "ನಿನ್ನ ಕೂಸು ಎಲ್ಲೈತಿ?"

"ತಾತನವರು ದವಾಖಾನಿಗೆ ಒಯ್ದಾರ."

"ತಾತ ಹೆಂಗ ಹೋಗ್ಯಾರ?"

"ಟ್ರ್ಯಾಕ್ಟರ್ ಮ್ಯಾಲೆ."

ಅವನು ನನ್ನ ಮುಖವನ್ನೇ ನೋಡಿದ. ಆಗ ನನಗೂ ಹೊಳೆಯಿತು. ತಾತನವರು ಯಾವ ಬಂಡಿಯನ್ನೂ ಹತ್ತುವುದಿಲ್ಲ ಎಂದು ವ್ರತ ಹಿಡಿದವರು. ಯಾತ್ರೆಗೂ ಕಾಲ್ನಡಿಗೆಯಲ್ಲೇ ಹೋಗಿ ಬಂದವರು. ಈರಣ್ಣ ಸೈಕಲ್ ತಂದ. ಹಿಂದೆ ಕೂರಿಸಿಕೊಂಡು ತುಳಿದ.

ದವಾಖಾನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅದೇ ಕಟ್ಟೆ. ಅದೇ ಹಸಿರು ಬಾಗಿಲು. ಅಲ್ಲಿಂದಲೇ ಲಚುಮವ್ವನನ್ನು ಹೊರಗೆ ತಂದಿದ್ದರು. ಕಟ್ಟೆಯ ಮೇಲೆ ತಾತನವರು ಕೂತಿದ್ದರು. ಅಕ್ಕ ಕೆಳಗೆ ಮುದುಡಿ ಕೂತಿದ್ದಳು.

ತಾತನವರ ಕೈ ಎರಡೂ ಬರಿದಾಗಿದ್ದವು.

ನಾನು ಕೆಳಗೆ ಕುಸಿದೆ. ಅಳು ಬರಲಿಲ್ಲ. ನೆಲ ಹಿಡಿದುಕೊಂಡೆ. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ತಾತನವರು ಕೈ ಎತ್ತಿ ಅವಳನ್ನು ತಡೆದರು.

"ಕೇಳು" ಎಂದರು ನನಗೆ.

ಹಸಿರು ಬಾಗಿಲಿನ ಒಳಗಿಂದ ಒಂದು ಅಳು ಬಂತು. ಸಣ್ಣದು. ಬೆಕ್ಕಿನ ಮರಿ ಅತ್ತಂತೆ. ನಿಂತಿತು. ಮತ್ತೆ ಬಂತು. ಈ ಸಲ ಸಿಟ್ಟಿನ ಅಳು. ಹಸಿದಾಗ ಅದು ಅಳುತ್ತಿದ್ದದ್ದು ಹಾಗೆಯೇ.

ಡಾಕ್ಟರಮ್ಮ ಹೊರಗೆ ಬಂದರು. ಜಾಜಿಕಾಯಿ ಹೆಚ್ಚಾಗಿ ಮಂಪರು ಏರಿತ್ತು, ಇನ್ನೂ ತಡವಾಗಿದ್ದರೆ ಉಸಿರು ನಿಲ್ಲುತ್ತಿತ್ತು, ಎರಡು ದಿನ ಇಲ್ಲೇ ಇರಲಿ ಎಂದರು. ಎಳೆಕೂಸಿಗೆ ಇಂಥದ್ದು ಯಾವುದನ್ನೂ ಕೊಡಬೇಡಿ ಎಂದು ಬೈದರು. ನಾನು ಬೈಸಿಕೊಂಡೆ. ಎಷ್ಟು ಬೈದರೂ ಇನ್ನೂ ಬೈಯಲಿ ಎನ್ನಿಸಿತು.

ಆಮೇಲೆ ತಾತನವರ ಪಾದದ ಮೇಲೆ ಬಿದ್ದೆ. ತಿಂಗಳಿಂದ ಮುಖ ತಿರುಗಿಸಿ ನಡೆದದ್ದನ್ನು ಹೇಳಿಕೊಳ್ಳಬೇಕು ಎಂದುಕೊಂಡೆ. ತಾತನವರು ಅದಕ್ಕೆ ಎಡೆ ಕೊಡಲಿಲ್ಲ.

"ಮೂರು ಮನಿ?" ಎಂದು ಕೇಳಿದರು.

"ಮೂರೂ ಸುಖ ಅದಾವ ತಾತ. ಕಡೀದು ತುಟಿ ಮಟ ಬಂದಿತ್ತು."

ತಾತನವರು ಕಣ್ಣು ಮುಚ್ಚಿಕೊಂಡರು. ಹಿಂದಿನ ಗೋಡೆಗೆ ತಲೆ ಆನಿಸಿದರು. ಅವರೂ ಇಷ್ಟು ಹೊತ್ತು ಅಂಜಿಕೊಂಡೇ ಕೂತಿದ್ದರು ಎಂಬುದು ಆಗ ನನಗೆ ಕಂಡಿತು. ದೊಡ್ಡವರಿಗೆ ಅಂಜಿಕೆ ಇರುವುದಿಲ್ಲ ಎಂದು ತಿಳಿದಿದ್ದೆ. ಇರುತ್ತದೆ. ಅವರು ಅದನ್ನು ಹೊತ್ತುಕೊಂಡು ಕೆಲಸ ಮಾಡುತ್ತಾರೆ.

"ಇವತ್ತಿಂದ ನಿನಗ ನಾಕು ಕೂಸು" ಎಂದರು. ಎದ್ದರು. ಆರು ಮೈಲಿ ನಡೆದುಕೊಂಡೇ ಊರಿಗೆ ಹೋದರು.

ಟ್ರ್ಯಾಕ್ಟರ್ ಹತ್ತಿದ ಮಾತು ಊರಿಗೆಲ್ಲ ಹಬ್ಬಿತು. ವ್ರತ ಮುರಿಯಿತಲ್ಲ ಎಂದು ಒಬ್ಬ ಶಾಸ್ತ್ರ ಬಲ್ಲವನು ಗಾಣದ ಮನೆಗೇ ಹೋಗಿ ಕೇಳಿದನಂತೆ. ತಾತನವರು ಹೇಳಿದರಂತೆ: "ಹತ್ತಿದ್ದು ಕೂಸು. ನಾ ಅದರ ತೊಟ್ಟಿಲಪ್ಪಾ."

ಇದಾಗಿ ಮೂವತ್ತು ವರ್ಷದ ಮೇಲಾಯಿತು. ಪೂಜ್ಯರು ಲಿಂಗೈಕ್ಯರಾಗಿ ಹನ್ನೆರಡು ವರ್ಷ. ಲಚುಮವ್ವನ ಕೂಸು ದೊಡ್ಡವಳಾಗಿ ಅವಳಿಗೂ ಕೂಸುಗಳಾಗಿವೆ. ಉಳಿದ ಮೂವರೂ ಚೆನ್ನಾಗಿದ್ದಾರೆ. ತಿಪ್ಪವ್ವನ ಮೊಮ್ಮಗ ನನಗಿಂತ ಒಂದು ಗೇಣು ಎತ್ತರ. ಹಬ್ಬಕ್ಕೆ ಹೋಳಿಗೆ ತಂದುಕೊಡುತ್ತಾನೆ. ಅವನ ಮುಖ ನೋಡಿದಾಗಲೆಲ್ಲ ನನಗೆ ಅಂಗಳದಲ್ಲಿ ಹೋಳಾದ ಆ ಕಲ್ಲು ಕಾಣುತ್ತದೆ.

ಹೆಂಡತಿ ಹೋದ ಮೇಲೆ ನಾನು ಯಾರ ಮನೆಯ ಸುದ್ದಿಯನ್ನೂ ಕೇಳುತ್ತಿರಲಿಲ್ಲ. ಕಲ್ಲು ತೋರಿಸಿದರೆ ಹೊಡೆದು ಎದ್ದು ಬರುತ್ತಿದ್ದೆ. ಈಗ ಬೀಸುಕಲ್ಲು, ಒರಳು ಇರುವ ಮನೆ ಕಡಿಮೆ. ಇದ್ದಲ್ಲಿಗೆ ಉಳಿ ಹಿಡಿದು ಹೋದರೆ ಕಲ್ಲು ಮುಟ್ಟುವ ಮೊದಲು ಕೇಳುತ್ತೇನೆ, ಮನೆಯಲ್ಲಿ ಎಳೆಕೂಸು ಇದೆಯೇನವ್ವಾ, ಹಾಲು ಕುಡಿಯುತ್ತದೆಯೇ, ಹೊಟ್ಟೆ ಹೇಗಿದೆ, ಏನು ಕೊಡುತ್ತೀರಿ, ಎಂದು. ಓಂಕಾಳು ಪುಡಿ ದೊಡ್ಡವರಿಗೆ ಇರಲಿ, ಕೂಸಿಗೆ ಹಾಲು ಸಾಕು, ಹೆಚ್ಚುಕಡಿಮೆ ಕಂಡರೆ ದವಾಖಾನೆಗೆ ಒಯ್ಯಿರಿ ಎಂದು ಹೇಳುತ್ತೇನೆ. ಹರೆಯದ ಸೊಸೆಯರು ನಗುತ್ತಾರೆ. "ಯಜ್ಜಾ, ನೀ ಕಲ್ಲು ಹೊಡಿಯಾಕ ಬಂದೀಯೋ, ಸೂಲಗಿತ್ತಿ ಕೆಲಸಕ್ಕ ಬಂದೀಯೋ?" ಎನ್ನುತ್ತಾರೆ. ನಗಲಿ.

ತಾತನವರು ಇದ್ದಾಗಲೇ ಒಮ್ಮೆ ಅವರ ಮುಂದೆ ಕೂತು ಬಿನ್ನವಿಸಿಕೊಂಡೆ. "ತಾತ, ಎಲ್ಲಾ ಸರಿ ಆತು. ಖರೇ, ಆವತ್ತಿನ ಅಂಜಿಕಿ ಹೋಗವಲ್ದು. ಕೂಸು ಮಲಗಿದ್ದು ಕಂಡ್ರ ಎದಿ ಹಾರ್ತೈತಿ. ಅದನ್ನ ತೆಗೀರಿ."

ತಾತನವರು ಪಕ್ಕದ ಡಬ್ಬಿಯ ಮುಚ್ಚಳ ಮುಚ್ಚಿದರು.

"ಇರ್ಲಿ ಬಿಡು" ಎಂದರು. "ಕೆಲಸಕ್ಕ ಬರ್ತೈತಿ."

ಇದೆ. ಕೆಲಸಕ್ಕೆ ಬರುತ್ತಿದೆ.